ಅಣ್ಣ ಅಂದರೆ ಅಪ್ಪ

ನಮ್ಮ ಮನೆಯಲ್ಲಿ ಅಪ್ಪನನ್ನು ‘ಅಣ್ಣ’ ಅಂತ ಕರೆಯುತ್ತಿದ್ದೆವು. ಹಳೆ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹೀಗೇ. ಕೂಡು ಕುಟುಂಬದಲ್ಲಿ ಚಿಕ್ಕಪ್ಪಂದಿರು, ಅತ್ತೆಯಂದಿರು ಕರೆಯೋದನ್ನು ಕೇಳಿ ಮಕ್ಕಳೂ ಹಾಗೇ ಕರೆಯುತ್ತವೆ. ಆಮೇಲೆ ಅದೇ ನಿಂತುಬಿಡುತ್ತದೆ. ಇದರಲ್ಲಿ ಏನೋ ವಿಶೇಷ ಇದೆ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಇಂಗ್ಲಿಷಿನಲ್ಲಿ ಒಂದು ಪದ್ಯ ಬರೆದೆ ನೋಡಿ, ಆಗ ಗೊತ್ತಾಯಿತು.

ಮೊದಲ ಕರಡಿನಲ್ಲಿ ‘ಫಾದರ್’ ಅಂತ ಹಾಕಿದ್ದೆ. ಓದಿದರೆ ಯಾರೋ ಪಾದ್ರಿಯ ಕಥೆಯ ಹಾಗಿತ್ತು. ‘ಡ್ಯಾಡ್’ ಅಂದರೆ ಪಕ್ಕದ ಮನೆಯವರ ಅಪ್ಪ. ಕೊನೆಗೆ ಧೈರ್ಯ ಮಾಡಿ ‘ಅಣ್ಣ’ ಅಂತಲೇ ಬರೆದು ಒಂದು ಇಂಗ್ಲಿಷ್ ಪತ್ರಿಕೆಗೆ ಕಳಿಸಿದೆ. ಆರು ತಿಂಗಳಾದ ಮೇಲೆ ಅಚ್ಚಾಯಿತು. ಪದ್ಯದ ಕೆಳಗೆ ಸಂಪಾದಕರು ತಾವಾಗಿಯೇ ಒಂದು ಅರ್ಥ ಕೊಟ್ಟಿದ್ದರು: ಅಣ್ಣ ಅಂದರೆ ಹಿರಿಯ ಸಹೋದರ. ಪದ್ಯದಲ್ಲಿ ಅಮ್ಮ ಕಂಬಕ್ಕೆ ಒರಗಿ ಅಳುತ್ತಾ ಕೂತಿದ್ದಳು. ಗಂಡನನ್ನು ಕಳೆದುಕೊಂಡವಳು ಆ ಒಂದು ಸಾಲಿನಿಂದ ಮಗನನ್ನು ಕಳೆದುಕೊಂಡವಳಾದಳು. ನನಗೆ ಅಣ್ಣ ತಮ್ಮ ಯಾರೂ ಇಲ್ಲ. ಪದ್ಯ ಚೆನ್ನಾಗಿದೆ ಅಂತ ಇಬ್ಬರು ಮೆಚ್ಚಿ ಬರೆದರು. ಒಬ್ಬರು ‘ನಿಮ್ಮ ಸೋದರನ ಆತ್ಮಕ್ಕೆ ಶಾಂತಿ ಸಿಗಲಿ’ ಅಂತಲೂ ಸೇರಿಸಿದ್ದರು.

ಆ ಪದ್ಯವನ್ನು ಕನ್ನಡದಲ್ಲಿ ಬರೆಯಬೇಕು ಅಂತ ಅವತ್ತೇ ಅನ್ನಿಸಿದ್ದು. ಸಿಟ್ಟಿನಿಂದಲೇ ಅನ್ನಿ.

ನಾನು ತಿಪಟೂರಿನವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಮೇಲೆ ಇಂಗ್ಲಿಷ್ ಸಾಹಿತ್ಯ ಓದಿದೆ, ಈಗ ಅದನ್ನೇ ಪಾಠ ಮಾಡುತ್ತೇನೆ. ಪದ್ಯ ಶುರು ಮಾಡಿದ್ದು ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಇದ್ದಾಗಿನಿಂದ ಒಂದು ಕಥೆ ಕೇಳುತ್ತಲೇ ಬೆಳೆದಿದ್ದೆ. ಕುವೆಂಪು ಮೊದಲು ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು, 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಅನ್ನೋ ಪುಟ್ಟ ಸಂಕಲನವೂ ಬಂದಿತ್ತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ, ನಿನ್ನ ಭಾಷೆಯಲ್ಲಿ ಬರಿ ಅಂದರು. ಮುಂದಿನದ್ದು ನಮಗೆಲ್ಲ ಗೊತ್ತು. ಬಂಗಾಳದಲ್ಲಿ ಮೈಕೆಲ್ ಮಧುಸೂದನ ದತ್ತರದ್ದೂ ಹೆಚ್ಚು ಕಮ್ಮಿ ಇದೇ ಕಥೆ. 1849ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷ್ ಕಾವ್ಯ ಅಚ್ಚು ಹಾಕಿಸಿ, ಆಮೇಲೆ ಬಂಗಾಳಿಗೆ ತಿರುಗಿದರು. ಈ ಕಥೆಗಳನ್ನು ನಮ್ಮ ಮೇಷ್ಟ್ರುಗಳು ಹೇಳುವಾಗ ಅದರಲ್ಲಿ ಒಂದು ಗದರಿಕೆ ಇರುತ್ತಿತ್ತು. ದಾರಿ ತಪ್ಪಿದ ಮಗ ಮನೆಗೆ ಬಂದ, ನೀನು ಯಾವಾಗ ಬರುತ್ತೀಯ ಅನ್ನೋ ಹಾಗೆ. ಯಾವುದಾದರೂ ಒಂದೇ ಭಾಷೆ ಆರಿಸಿಕೋ ಅನ್ನೋದು ಇದರ ಒಳಗಿನ ಮಾತು.

ಹಾಗೇನೂ ಇಲ್ಲ ಅಂತ ಗೊತ್ತಾಗಿದ್ದು ಎ.ಕೆ. ರಾಮಾನುಜನ್ ಅವರಿಂದ. ಎಂ.ಎ. ಕ್ಲಾಸಿನಲ್ಲಿ ಅವರ ಇಂಗ್ಲಿಷ್ ಪದ್ಯ ಓದಿದ್ದೆವು. ಅವರು ಕನ್ನಡ ಕವಿಯೂ ಹೌದು ಅನ್ನೋದು ಪಾಠದಲ್ಲಿ ಬರಲೇ ಇಲ್ಲ. ಲೈಬ್ರರಿಯಲ್ಲಿ ಬೇರೇನೋ ಹುಡುಕುವಾಗ ‘ಹೊಕ್ಕುಳಲ್ಲಿ ಹೂವಿಲ್ಲ’ ಸಿಕ್ಕಿತು. ಇಂಗ್ಲಿಷಿನ ಮೊದಲ ಸಂಕಲನ 1966ರದ್ದು, ಇದು 1969ರದ್ದು. ಎರಡೂ ಪಕ್ಕಪಕ್ಕದಲ್ಲೇ ಬೆಳೆದಿವೆ, ಆದರೆ ಒಂದು ಇನ್ನೊಂದರ ಅನುವಾದ ಅಲ್ಲ. ಮೈಸೂರಿನ ಮನೆಯಲ್ಲಿ ಅಮ್ಮನ ಜೊತೆ ತಮಿಳು, ಬೀದಿಯಲ್ಲಿ ಕನ್ನಡ, ಗಣಿತದ ಪ್ರೊಫೆಸರಾಗಿದ್ದ ಅಪ್ಪನ ಕೋಣೆಯಲ್ಲಿ ಇಂಗ್ಲಿಷ್. ಹೀಗೆ ಬೆಳೆದವರು ಅವರು. ಹೊರಗಿನ ಆಕಾರ ಇಂಗ್ಲಿಷಿನಿಂದ ಬಂತು, ಒಳಗಿನ ಸರಕು ಕನ್ನಡ ತಮಿಳಿನಿಂದ, ಯಾವುದು ಎಲ್ಲಿಂದ ಬಂತು ಅಂತ ಈಗ ನನಗೇ ಗೊತ್ತಾಗಲ್ಲ ಅನ್ನೋ ಅರ್ಥದ ಮಾತು ಹೇಳಿದ್ದಾರೆ. ಇದನ್ನು ಓದಿದಾಗ ನನಗೆ ಎಷ್ಟು ಹಗುರ ಆಯಿತು ಅಂದರೆ, ಅವತ್ತು ರಾತ್ರಿಯೇ ಕನ್ನಡದಲ್ಲಿ ಎರಡು ಪದ್ಯ ಬರೆದೆ. ಎರಡೂ ಕೆಟ್ಟದಾಗಿದ್ದವು, ಅದು ಬೇರೆ ಮಾತು.

ಸರಿ, ಅಣ್ಣನ ಪದ್ಯಕ್ಕೆ ಬರುತ್ತೇನೆ. ಮೊದಲು ಇಂಗ್ಲಿಷ್ ಮುಂದಿಟ್ಟುಕೊಂಡು ಸಾಲಿಗೆ ಸಾಲು ಕನ್ನಡ ಮಾಡಿದೆ. ಮೂವತ್ತು ಸಾಲಿನಲ್ಲಿ ಇಪ್ಪತ್ತು ಸಾಲು ‘ದ್ದರು’ ಅಂತ ಮುಗಿಯುತ್ತಿದ್ದವು. ಕೂತಿದ್ದರು, ಬರೆಯುತ್ತಿದ್ದರು, ಎಣಿಸುತ್ತಿದ್ದರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಸಾಲು ಒಡೆದರೆ ಇದೇ ತೊಂದರೆ. ಹಲಗೆ ಮೇಲೆ ಒಂದೇ ಕಡೆ ಮೊಳೆ ಹೊಡೆದ ಹಾಗೆ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬಂದು ಹೋಗುತ್ತದೆ, ಸಾಲಿನ ತುದಿಗೆ ಬೇಕಾದ ಹೆಸರನ್ನು ಇಟ್ಟು ನಿಲ್ಲಬಹುದು. ಇದಕ್ಕೆ ನಾನು ಮಾಡಿಕೊಂಡ ದಾರಿ ಮೂರು ನಾಲ್ಕು ಇವೆ. ಕ್ರಿಯಾಪದವನ್ನೇ ಬಿಟ್ಟುಬಿಡೋದು. ಕನ್ನಡ ಅದನ್ನು ಸಲೀಸಾಗಿ ಸಹಿಸಿಕೊಳ್ಳುತ್ತದೆ: ‘ಕಿವಿಯ ಮೇಲೆ ಪೆನ್ಸಿಲು, ಜೇಬಿನಲ್ಲಿ ಹರಾಜಿನ ಚೀಟಿ.’ ಇಲ್ಲಿ ‘ಇತ್ತು’ ಯಾಕೆ ಬೇಕು? ಇನ್ನೊಂದು, ಹಳೆಯವರ ಆದಿಪ್ರಾಸವನ್ನು ಕದ್ದುಮುಚ್ಚಿ ತರೋದು. ಸಾಲಿನ ಎರಡನೇ ಅಕ್ಷರ ಮೇಲಿನ ಸಾಲಿನ ಜೊತೆ ಕೂಡಿದರೆ ಕಿವಿ ಸಾಲಿನ ಮೊದಲಿಗೆ ಹೋಗುತ್ತದೆ, ತುದಿಯ ಮೊಳೆ ಕೇಳಿಸೋದು ಕಮ್ಮಿ ಆಗುತ್ತದೆ. ಓದುಗರಿಗೆ ಪ್ರಾಸ ಅಂತ ಗೊತ್ತೇ ಆಗಬಾರದು. ಗೊತ್ತಾದರೆ ಶುಭಾಶಯ ಪತ್ರ ಆಗಿಬಿಡುತ್ತದೆ.

ಇದೆಲ್ಲ ಕಸುಬಿನ ತೊಂದರೆ, ಕೂತು ತಿದ್ದಿದರೆ ಸರಿಹೋಗುತ್ತದೆ. ತಿದ್ದಲು ಆಗದ ಒಂದು ಸಾಲು ಸಿಕ್ಕಿತು. ಇಂಗ್ಲಿಷಿನಲ್ಲಿ ಅದು ನನ್ನ ಹೆಮ್ಮೆಯ ಸಾಲು. ‘ಹಿ ಆಸ್ಕ್ಡ್ ಫಾರ್ ವಾಟರ್.’ ಹೋಗುವ ಮೊದಲು ನೀರು ಕೇಳಿದ. ನಾಲ್ಕೇ ಪದ, ತುಂಬಾ ಸರಳ. ಕನ್ನಡದಲ್ಲಿ ‘ನೀರು ಕೇಳಿದರು’ ಅಂತ ಬರೆದೆ. ಬರೆದು ಓದಿದೆ. ಕೈ ನಿಂತಿತು.

ನಾನು ಅಲ್ಲಿ ಇರಲಿಲ್ಲ. ಆ ರಾತ್ರಿ ಬೆಂಗಳೂರಿನಲ್ಲಿ ಇದ್ದೆ. ಬೆಳಗಿನ ಜಾವ ಫೋನ್ ಬಂತು, ಬಸ್ಸಿನಲ್ಲಿ ಹೋದೆ. ನೀರಿನ ವಿಷಯ ಬಂದವರ ಬಾಯಿಂದ ಕೇಳಿದ್ದು. ಕನ್ನಡ ಮಾತಾಡುವ ಯಾರೂ ಇಂಥದ್ದನ್ನು ‘ಕೇಳಿದರು’ ಅಂತ ಹೇಳಲ್ಲ. ‘ಕೇಳಿದರಂತೆ’ ಅಂತಾರೆ. ಆ ‘ಅಂತೆ’ ಇಲ್ಲದಿದ್ದರೆ ಕಣ್ಣಾರೆ ಕಂಡ ಹಾಗೆ. ಇಂಗ್ಲಿಷ್ ನನ್ನನ್ನು ಏನೂ ಕೇಳಿರಲಿಲ್ಲ. ಸುಮ್ನೆ ಮಂಚದ ಪಕ್ಕ ನಿಲ್ಲಿಸಿಬಿಟ್ಟಿತ್ತು, ನಾನೂ ನಿಂತಿದ್ದೆ. ಎರಡು ವರ್ಷ ಆ ಪದ್ಯವನ್ನು ಎಷ್ಟೋ ಸಭೆಗಳಲ್ಲಿ ಓದಿದ್ದೇನೆ, ಸುಳ್ಳು ಹೇಳುತ್ತಿದ್ದೇನೆ ಅಂತ ಒಮ್ಮೆಯೂ ಅನ್ನಿಸಿರಲಿಲ್ಲ.

‘ನೀರು ಕೇಳಿದರಂತೆ’ ಅಂತ ಬರೆದೆ. ಒಂದು ಪದದ ಬಾಲ ಅಷ್ಟೇ ಬದಲಾದದ್ದು. ಅದರ ಮೇಲಿನ ಸಾಲುಗಳೆಲ್ಲ ಬಿದ್ದುಹೋದವು. ಪದ್ಯ ಅಣ್ಣ ಸತ್ತದ್ದರ ಬಗ್ಗೆ ಇದ್ದದ್ದು, ನಾನು ಇಲ್ಲದಿದ್ದದ್ದರ ಬಗ್ಗೆ ಆಯಿತು. ಬಸ್ಸು ಬಂತು, ತುಮಕೂರು ದಾಟಿದ ಮೇಲೆ ಬೆಳಕು ಹರಿದದ್ದು ಬಂತು.

ಆಮೇಲೆ ‘ಅಣ್ಣ’ನ ಪ್ರಶ್ನೆ. ಕನ್ನಡದಲ್ಲಾದರೂ ಈ ಗೋಳು ಇರಲ್ಲ ಅಂದುಕೊಂಡಿದ್ದೆ. ಆದರೆ ಧಾರವಾಡದಲ್ಲಿ, ಮಂಗಳೂರಿನಲ್ಲಿ ಓದುವವರಿಗೆ ಅಣ್ಣ ಅಂದರೆ ಅಣ್ಣನೇ ಅಲ್ವಾ? ‘ಅಪ್ಪ’ ಅಂದರೆ ನಮ್ಮ ಮನೆಯದ್ದಲ್ಲ. ‘ತಂದೆ’ ಅಂದರೆ ಅರ್ಜಿ ನಮೂನೆ. ಅಡಿಟಿಪ್ಪಣಿ ಅಂದರೆ ನನಗೆ ಆಗಲೇ ಅಲರ್ಜಿ. ಒಂದು ವಾರ ಒದ್ದಾಡಿ ಪದ್ಯದ ಒಳಗೇ ಒಂದು ಸಾಲು ಇಟ್ಟೆ: ‘ಅಮ್ಮ ಇವ್ರು ಅನ್ನುವವರನ್ನು ನಾವು ಅಣ್ಣ ಅನ್ನುತ್ತಿದ್ದೆವು.’ ಗಂಡನ ಹೆಸರು ಹೇಳದ ಹೆಂಗಸರ ‘ಇವ್ರು’ ಕನ್ನಡದ ಎಲ್ಲ ಕಡೆಯವರಿಗೂ ಗೊತ್ತು. ಅರ್ಥ ತಿಳಿಸಲು ಹಾಕಿದ ಸಾಲು ಕೊನೆಗೆ ಇಡೀ ಪದ್ಯದಲ್ಲೇ ಒಳ್ಳೆಯ ಸಾಲು ಆಯಿತು.

ಹಾಗೇ ಇನ್ನೊಂದು ವಿಷಯ ಕನ್ನಡದಲ್ಲಿ ಬರೆಯುವಾಗಲೇ ಕಣ್ಣಿಗೆ ಬಿತ್ತು. ನಮ್ಮ ಮನೆಯಲ್ಲಿ ಅಣ್ಣ ಬಹುವಚನ, ಅಮ್ಮ ಏಕವಚನ. ಅಣ್ಣ ಬಂದರು, ಅಮ್ಮ ಬಂದಳು. ‘ಅಣ್ಣ ಹೋದರು, ಅಮ್ಮ ಉಳಿದಳು’ ಅಂತ ಬರೆದಾಗ ನನಗೇ ಚುರುಕ್ ಅಂತು. ಪ್ರೀತಿಯಿಂದ ಏಕವಚನ ಅಂತ ಸಮಾಧಾನ ಹೇಳಿಕೊಳ್ಳಬಹುದು. ಸಾಲನ್ನು ತಿದ್ದಲಿಲ್ಲ.

ಈಗ ಅಮ್ಮನ ಸರದಿ. ನನ್ನ ಇಂಗ್ಲಿಷ್ ಪದ್ಯಗಳನ್ನು ಅಮ್ಮ ಓದಿಲ್ಲ, ಅವಳಿಗೆ ಇಂಗ್ಲಿಷ್ ಬರಲ್ಲ. ಆ ಭಾಷೆಯಲ್ಲಿ ನಾನು ಧೈರ್ಯವಂತೆ ಅನ್ನಿಸಿಕೊಂಡದ್ದಕ್ಕೆ ಅರ್ಧ ಕಾರಣ ಅದೇ ಇರಬೇಕು. ಕನ್ನಡದ ಪದ್ಯ ಅಚ್ಚಾದರೆ ಅಮ್ಮ ಓದುತ್ತಾಳೆ, ಚಿಕ್ಕಮ್ಮ ಓದುತ್ತಾಳೆ, ಎದುರುಮನೆಯವರೂ ಓದುತ್ತಾರೆ. ಕಮಲಾ ದಾಸ್ ನೆನಪಾಗುತ್ತಾರೆ. ಕವಿತೆ ಇಂಗ್ಲಿಷಿನಲ್ಲಿ, ಕಥೆ ಮಲಯಾಳಂನಲ್ಲಿ, ಅದೂ ಮಾಧವಿಕುಟ್ಟಿ ಅನ್ನೋ ಹೆಸರಿನಲ್ಲಿ. ಮಲಯಾಳಂ ಕವಿತೆಯ ಜಾಗದಲ್ಲಿ ತಾಯಿ ಬಾಲಾಮಣಿ ಅಮ್ಮ ಆಗಲೇ ದೊಡ್ಡ ಹೆಸರು. ಇಂಗ್ಲಿಷಿನಲ್ಲಿ 1965ರಿಂದಲೇ ಮೈ ಮನಸ್ಸಿನ ಬಗ್ಗೆ ಬಿಚ್ಚಿ ಬರೆದಿದ್ದರು. ಆದರೆ 1972ರಲ್ಲಿ ಆತ್ಮಕಥೆ ಮಲಯಾಳಂ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು ನೋಡಿ, ಆಗ ಕೇರಳದಲ್ಲಿ ಎದ್ದ ಗದ್ದಲವೇ ಬೇರೆ. ಯಾರ ಕಿವಿಗೆ ಬೀಳುತ್ತದೆ ಅನ್ನೋದೇ ಇಲ್ಲಿ ದೊಡ್ಡ ವಿಷಯ. ಕಟಕ್‌ನ ಜಯಂತ ಮಹಾಪಾತ್ರ ಇದನ್ನು ಇನ್ನೊಂದು ಕಡೆಯಿಂದ ಕಂಡವರು. ಫಿಸಿಕ್ಸ್ ಮೇಷ್ಟ್ರು, ಇಂಗ್ಲಿಷಿನಲ್ಲಿ ಬರೆದು 1981ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಇಂಗ್ಲಿಷ್ ಕವಿತೆಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆಮೇಲೆ ವಯಸ್ಸಾದ ಮೇಲೆ ಒಡಿಯಾದಲ್ಲೂ ಬರೆಯಲು ಶುರು ಮಾಡಿದರು.

ನಾನು ಅಚ್ಚಿಗೆ ಕಳಿಸುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ತಿಪಟೂರಿನ ಮನೆ, ಮಧ್ಯಾಹ್ನ ಮೂರು ಗಂಟೆ, ಅವಳು ಅವರೆಕಾಳು ಸುಲಿಯುತ್ತಿದ್ದಳು. ‘ಇವ್ರು’ ಬಂದಾಗ ತಲೆ ಎತ್ತಲಿಲ್ಲ. ಏಕವಚನಕ್ಕೂ ಏನೂ ಹೇಳಲಿಲ್ಲ. ‘ನೀರು ಕೇಳಿದರಂತೆ’ ಅಂದ ತಕ್ಷಣ ಕೈ ನಿಲ್ಲಿಸಿದಳು.

“ನೀರಲ್ಲ. ಕಾಫಿ ಕೇಳಿದ್ದು. ನಾನೇ ಕೊಡಲಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಕಾಫಿ ಯಾಕೆ ಅಂತ ನೀರು ಕೊಟ್ಟೆ.”

ಎಷ್ಟು ವರ್ಷ ಇದನ್ನು ಒಳಗೇ ಇಟ್ಟುಕೊಂಡಿದ್ದಳೋ. ಬಂದವರು ನೋಡಿದ್ದು ನೀರಿನ ಲೋಟ ಮಾತ್ರ. ನಾನು ಪೆನ್ನು ತೆಗೆದು ‘ಕಾಫಿ’ ಅಂತ ತಿದ್ದಿದೆ. ಕಾಫಿ ಕೇಳಿದರಂತೆ. ಅಮ್ಮ ಕೊಡಲಿಲ್ಲ ಅನ್ನೋದನ್ನು ಬರೆಯಲಿಲ್ಲ. (ಇಲ್ಲಿ ಬರೆದಿದ್ದೇನೆ. ಅವಳನ್ನು ಕೇಳಿಯೇ ಬರೆದಿದ್ದೇನೆ.)

ಕನ್ನಡದ್ದು ಮುಗಿದ ಮೇಲೆ ಇಂಗ್ಲಿಷನ್ನು ಹಾಗೇ ಬಿಡುವ ಹಾಗಿರಲಿಲ್ಲ. ಈಗ ನನ್ನ ಅಭ್ಯಾಸ ಹೀಗಿದೆ: ಒಂದು ಭಾಷೆಯಲ್ಲಿ ಮುಗಿದದ್ದನ್ನು ಮೂರು ನಾಲ್ಕು ತಿಂಗಳು ಮುಟ್ಟಲ್ಲ. ಆಮೇಲೆ ಅದನ್ನು ನೋಡದೆ, ನೆನಪಿನಿಂದ ಇನ್ನೊಂದು ಭಾಷೆಯಲ್ಲಿ ಬರೆಯುತ್ತೇನೆ. ನೆನಪಿಗೆ ಬರದ ಸಾಲು ಆ ಭಾಷೆಗೆ ಬೇಡದ ಸಾಲು. ಹೋಲಿಸಿ ನೋಡೋದು ಕೊನೆಗೆ. ಅರುಣ್ ಕೊಲಟ್ಕರ್ ಅವರಿಂದ ಕಲಿತದ್ದೂ ಸ್ವಲ್ಪ ಇದೆ. ಇಂಗ್ಲಿಷಿನ ‘ಜೆಜುರಿ’ 1976ರಲ್ಲಿ, ಮರಾಠಿಯ ಮೊದಲ ಸಂಕಲನ ಮರುವರ್ಷ. ಅವರು ಮುಂಬೈ ಬೀದಿಯ ಹಿಂದಿಯಲ್ಲಿ ಒಂದು ಪದ್ಯ ಬರೆದಿದ್ದಾರೆ, ಮ್ಯಾನೇಜರನ ಹತ್ತಿರ ಸಂಬಳ ಕೇಳೋದರಿಂದ ಶುರುವಾಗುತ್ತದೆ. ಅದನ್ನು ಇಂಗ್ಲಿಷಿಗೆ ತರುವಾಗ ಶಿಷ್ಟ ಇಂಗ್ಲಿಷ್ ಮುಟ್ಟಲೇ ಇಲ್ಲ, ಅಮೆರಿಕದ ಪುಂಡರ ಮಾತಿನ ಧಾಟಿ ಹಿಡಿದರು. ಪದಕ್ಕೆ ಪದ ಅಲ್ಲ, ಬಾಯಿಗೆ ಬಾಯಿ.

ಇಂಗ್ಲಿಷಿನಲ್ಲಿ ‘ಅಂತೆ’ಗೆ ಜಾಗ ಇಲ್ಲ. ‘ದೇ ಸೇ’ ಅಂದರೆ ಪುರಾಣ, ‘ಅಪಾರೆಂಟ್ಲಿ’ ಅಂದರೆ ವ್ಯಂಗ್ಯ. ಹಾಗಾಗಿ ಕಾಫಿಯ ಸಾಲಿಗಿಂತ ಮುಂಚೆ ನನ್ನನ್ನು ಬಸ್ಸಿನಲ್ಲಿ ಕೂರಿಸಿದೆ. ಬಸ್ಸಿನಲ್ಲಿ ಇರುವವಳು ಮಂಚದ ಪಕ್ಕ ಇರಲು ಆಗಲ್ಲವಲ್ಲ. ‘ಅಣ್ಣ’ನನ್ನು ತೆಗೆದೆ. ಹೆಸರೂ ಇಲ್ಲ, ಸಂಬಂಧವೂ ಇಲ್ಲ, ಬರೀ ‘ಹಿ’. ಅಮ್ಮನಿಗೆ ಐವತ್ತು ವರ್ಷದ ಸಂಸಾರಕ್ಕೆ ಒಂದು ಸರ್ವನಾಮ ಸಾಕಾಗಿತ್ತು, ನನ್ನ ಮೂವತ್ತು ಸಾಲಿಗೆ ಸಾಕು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗುವ ಕಾಯಿಯ ಚಿತ್ರ ಹಾಗೇ ಉಳಿಯಿತು. ಅಣ್ಣ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಲೊಡಲೊಡ ಅಂದರೆ ಕೊಬ್ಬರಿ ಆಗಿದೆ ಅನ್ನುತ್ತಿದ್ದರು. ಇಂಗ್ಲಿಷಿನಲ್ಲಿ ‘ಕೊಪ್ರಾ’ ಅಂತಲೇ ಇದೆ. ಆ ಪದ ಇಂಗ್ಲಿಷಿಗೆ ಹೋದದ್ದೇ ಮಲಯಾಳಂನ ಕೊಪ್ಪರದಿಂದ, ನಡುವೆ ಪೋರ್ಚುಗೀಸರ ಹಡಗು ಹತ್ತಿ. ಅದಕ್ಕೆ ಯಾರೂ ಅಡಿಟಿಪ್ಪಣಿ ಹಾಕಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅಮ್ಮ ಇಂಗ್ಲಿಷಿನದ್ದನ್ನೂ ಓದು ಅಂದಳು. ನಿಧಾನವಾಗಿ ಓದಿದೆ. ಪೂರ್ತಿ ಕೇಳಿದಳು.

“ಕಾಫಿ ಬಂತು, ಕೊಬ್ಬರಿ ಬಂತು. ಇವ್ರು ಎಲ್ಲಿ ಬಂದ್ರು?”

“‘ಹಿ’ ಅಂತ ಬಂತಲ್ಲಮ್ಮ, ಅದೇ.”

“ಅದು ಏಕವಚನವೋ ಬಹುವಚನವೋ?”

“ಇಂಗ್ಲಿಷಿನಲ್ಲಿ ಎರಡೂ ಒಂದೇ.”

“ಅವರಿಗೇನು, ಸುಲಭ,” ಅಂದು ಲೋಟ ತೆಗೆದುಕೊಂಡು ಒಳಗೆ ಹೋದಳು.