ಲಿಫ್ಟ್ ಫ್ಯಾನ್ ಕೂರಿಸುವಾಗ ಡಕ್ಟ್‌ನ ಬಾಯಿ ನೋಡಿ

ನೇರ ಮೇಲೇಳುವ ಮಾಡೆಲ್ ವಿಮಾನಕ್ಕೆ ನಾನು ಆರಿಸಿಕೊಂಡದ್ದು ಅಮೆರಿಕದ ಯುದ್ಧವಿಮಾನ ಎಫ್-35ಬಿಯ ಜೋಡಣೆ. ಕಾಕ್‌ಪಿಟ್ ಹಿಂದೆ ಮಲಗಿಸಿದ ಲಿಫ್ಟ್ ಫ್ಯಾನ್ (ಗಾಳಿಯನ್ನು ಕೆಳಕ್ಕೆ ತಳ್ಳಿ ವಿಮಾನವನ್ನು ಎತ್ತುವ ಫ್ಯಾನ್), ಬಾಲದಲ್ಲಿ ಕೆಳಕ್ಕೆ ತಿರುಗುವ ನಳಿಗೆ. ನಿಜವಾದ ವಿಮಾನದಲ್ಲಿ ಎಂಜಿನ್ ಒಂದೇ. ಅದರಿಂದ ಮುಂದಕ್ಕೆ ಬಂದ ಶಾಫ್ಟ್, ಕ್ಲಚ್ ಮೂಲಕ ಸುಮಾರು 1.27 ಮೀಟರ್ ಅಗಲದ ಫ್ಯಾನನ್ನು ತಿರುಗಿಸುತ್ತದೆ. ನನ್ನದರಲ್ಲಿ ಶಾಫ್ಟ್ ಇಲ್ಲ, ಮುಂದೆ ಹಿಂದೆ ಒಂದೊಂದು 70 ಎಂಎಂ ಎಲೆಕ್ಟ್ರಿಕ್ ಡಕ್ಟೆಡ್ ಫ್ಯಾನ್, ಅಂದರೆ ಡಕ್ಟ್ ಎಂಬ ಕೊಳವೆಯೊಳಗೆ ತಿರುಗುವ ಫ್ಯಾನ್.

ಜೆಟ್ ಗಾಳಿಯನ್ನೇ ಕೆಳಕ್ಕೆ ತಿರುಗಿಸಿದರೆ ಸಾಲದಾ ಅಂತ ತುಂಬಾ ಜನ ಕೇಳ್ತಾರೆ. ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳುವ ಬದಲು ಜಾಸ್ತಿ ಗಾಳಿಯನ್ನು ನಿಧಾನವಾಗಿ ತಳ್ಳಿದರೆ, ಅಷ್ಟೇ ಪವರ್‌ಗೆ ಎತ್ತುವ ಬಲ ಹೆಚ್ಚುತ್ತದೆ. ಮುಂದಿನ ಫ್ಯಾನಿನ ತಣ್ಣನೆ ಗಾಳಿ, ಹಿಂದಿನ ಬಿಸಿ ಹೊಗೆ ಎಂಜಿನ್ ಬಾಯಿಗೆ ನುಗ್ಗದಂತೆಯೂ ತಡೆಯುತ್ತದೆ.

ನನ್ನ ಹೆಚ್ಚಿನ ಸಮಯ ಹೋದದ್ದು ಡಕ್ಟ್‌ನ ಬಾಯಿಯ, ಅಂದರೆ ಗಾಳಿ ಒಳಬರುವ ತುದಿಯ ಮೇಲೆ. ಫ್ಯಾನನ್ನು ತಲೆಕೆಳಗಾಗಿ, ಎತ್ತರದ ಪಿವಿಸಿ ಸ್ಟ್ಯಾಂಡಿನಲ್ಲಿ ಕೂರಿಸಿ ಕೆಳಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಟ್ಟೆ. ಗಾಳಿ ಮೇಲಕ್ಕೆ, ಒತ್ತಡ ತಕ್ಕಡಿಗೆ. ಬಾಯಿಯ ಅಂಚಿಗೆ ಹೊಲಿಗೆ ದಾರದ ಚಿಕ್ಕ ತುಂಡುಗಳನ್ನು ಅಂಟಿಸಿದೆ. ಅಂಚು ಚೂಪಾಗಿದ್ದಾಗ ದಾರಗಳು ಪಟಪಟ ಬಡಿದುಕೊಂಡವು: ಗಾಳಿ ಗೋಡೆ ಬಿಟ್ಟು ಹರಿಯುತ್ತಿದೆ ಅಂತ ಅರ್ಥ. ಅಂಚಿಗೆ ಥರ್ಮೋಕೋಲ್ ಬಳೆ ಕೂರಿಸಿ, ಪುಟ್ಟಿ ಬಳಿದು, ದುಂಡಗೆ ಉಜ್ಜಿದ ಮೇಲೆ ಅದೇ ದಾರಗಳು ಒಳಮುಖವಾಗಿ ಅಲ್ಲಾಡದೆ ಮಲಗಿದವು. ಅದೇ ಥ್ರಾಟಲ್‌ಗೆ (ಮೋಟರ್‌ಗೆ ಕೊಡುವ ಪವರ್‌ನ ಮಟ್ಟಕ್ಕೆ) ತಕ್ಕಡಿಯ ಅಂಕಿ ಏರಿತು. ಕಾರಣ ಸರಳ. ದುಂಡು ಅಂಚಿನ ಮೇಲೆ ಗಾಳಿ ವೇಗವಾಗಿ ಹೊರಳುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ವಿಮಾನದಲ್ಲಿ ಕೂರಿಸಿದಾಗ ಅಂಚೇ ಮೇಲಕ್ಕೆ ಎಳೆಯಲ್ಪಡುತ್ತದೆ. ಅಗಲ ಬದಲಾಗದ ನೇರ ಡಕ್ಟ್‌ನಲ್ಲಿ, ನಿಂತಲ್ಲೇ ತೇಲುವಾಗ, ಲೆಕ್ಕದ ಪ್ರಕಾರ ಅರ್ಧ ಬಲ ಡಕ್ಟ್‌ನಿಂದಲೇ ಬರಬೇಕು. ದುಬಾರಿ ಮೋಟರ್‌ಗೆ ದುಡ್ಡು ಸುರಿಯುವ ಮೊದಲು ಸ್ಯಾಂಡ್‌ಪೇಪರ್ ಹಿಡಿಯಿರಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ನೆಲದ ಹತ್ತಿರ ಇನ್ನೊಂದು ಕಾಟ. ಕೆಳಗೆ ಹರಡುವ ಗಾಳಿ ಹೊಟ್ಟೆಯಡಿಯ ಗಾಳಿಯನ್ನೂ ಎಳೆದೊಯ್ದು ವಿಮಾನವನ್ನು ನೆಲಕ್ಕೆ ಹೀರುತ್ತದೆ. ಉದ್ದನೆಯ ಕಾಲು ಕೊಟ್ಟೆ, ಕಡಿಮೆಯಾಯಿತು.

ಮುಂದಕ್ಕೆ ಹೊರಟಾಗ ಮೂತಿ ಮೇಲೇಳುವುದು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಎದುರು ಗಾಳಿ ಥಟ್ಟನೆ ಕೆಳಕ್ಕೆ ತಿರುಗಬೇಕು, ಮುಂದಿನ ಅಂಚಿಗೇ ಸೆಳೆತ ಜಾಸ್ತಿ. ಎಫ್-35ಬಿಯಲ್ಲಿ ಫ್ಯಾನಿನ ಮುಚ್ಚಳದ ಕೀಲು ಹಿಂಬದಿಗಿದೆ. ಎದ್ದು ನಿಂತ ಮುಚ್ಚಳ ಎದುರು ಗಾಳಿಯನ್ನು ಹಿಡಿದು ಫ್ಯಾನಿಗೆ ಕೊಡುತ್ತದೆ. ನಾನೂ ಹಾಗೇ ಮಾಡಿ ಸರ್ವೋ (ಮುಚ್ಚಳ ತಿರುಗಿಸುವ ಪುಟ್ಟ ಮೋಟರ್) ಜೋಡಿಸಿದ್ದೇನೆ. ಈಗ ವೇಗಕ್ಕೆ ತಕ್ಕ ಹಾಗೆ ಮುಚ್ಚಳದ ಕೋನ ಹೊಂದಿಸುತ್ತಿದ್ದೇನೆ, ಉಳಿದದ್ದನ್ನು ಹಿಂದಿನ ಫ್ಯಾನಿನ ಥ್ರಾಟಲ್ ಏರಿಸಿ ಸರಿದೂಗಿಸುತ್ತೇನೆ.