‘ದ್ವೇಷ’ ಎಂಬ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಅಕ್ಕನ ಮಗಳ ಪ್ರಬಂಧದ ಪುಸ್ತಕದಲ್ಲಿ ‘ನಾನು ಹಾಗಲಕಾಯಿಯನ್ನು ದ್ವೇಷಿಸುತ್ತೇನೆ’ ಎಂಬ ವಾಕ್ಯವಿತ್ತು. ವ್ಯಾಕರಣದಲ್ಲಿ ತಪ್ಪೇನೂ ಇಲ್ಲ, ಆದರೆ ಕನ್ನಡ ಮಾತನಾಡುವ ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ನನಗೆ ಹಾಗಲಕಾಯಿ ಸೇರುವುದಿಲ್ಲ’ ಎನ್ನುತ್ತಾರೆ. ಇಂಗ್ಲಿಷಿನ ‘ಹೇಟ್’ ಊಟಕ್ಕೂ ಮಳೆಗೂ ಮನುಷ್ಯರಿಗೂ ಒಗ್ಗುತ್ತದೆ. ‘ದ್ವೇಷ’ ಹಾಗೆ ಒಗ್ಗುವ ಪದವಲ್ಲ.

ಸಂಸ್ಕೃತದ ‘ದ್ವಿಷ್’ ಧಾತುವಿನಿಂದ ಬಂದ ಈ ಪದದೊಳಗೆ ಹಿಂದೆ ಉಂಡ ನೋವಿನ ನೆನಪಿದೆ. ಪತಂಜಲಿಯ ಯೋಗಸೂತ್ರವು ದ್ವೇಷವನ್ನು 5 ಕ್ಲೇಶಗಳಲ್ಲಿ ಒಂದೆಂದು ಎಣಿಸಿ, ಅದು ದುಃಖದ ಬೆನ್ನುಹತ್ತಿ ಬರುತ್ತದೆ ಎನ್ನುತ್ತದೆ. ಆದ್ದರಿಂದ ಈ ಪದವನ್ನು ಬರೆಯುವ ಮುನ್ನ, ಎದುರಿಗೆ ಒಬ್ಬ ವ್ಯಕ್ತಿಯೋ ಒಂದು ಸಮುದಾಯವೋ ಇದೆಯೇ, ಅವರಿಗೆ ಕೆಡುಕಾಗಲಿ ಎಂಬ ಮನಸ್ಸಿದೆಯೇ, ದಿನಗಳು ಉರುಳಿದರೂ ಆ ಮನಸ್ಸು ಆರದೆ ಉಳಿದಿದೆಯೇ ಎಂದು ಕೇಳಿಕೊಳ್ಳಬೇಕು. ಪತ್ರಿಕೆಗಳ ‘ಹಳೇ ದ್ವೇಷ’, ಕಾನೂನಿನ ಚರ್ಚೆಯಲ್ಲಿ ಬರುವ ‘ದ್ವೇಷ ಭಾಷಣ’ ಈ ಪರೀಕ್ಷೆಯಲ್ಲಿ ನಿಲ್ಲುತ್ತವೆ. ಆ ಗಳಿಗೆಯ ಕೆರಳಿಕೆ ಬರೀ ಸಿಟ್ಟು. ಕೊಳಕನ್ನು ಕಂಡಾಗ ಆಗುವುದು ಹೇಸಿಗೆ. ಇನ್ನೊಬ್ಬರ ಏಳಿಗೆಗೆ ಕುದಿಯುವುದು ಹೊಟ್ಟೆಕಿಚ್ಚು. ಒಬ್ಬರ ಸಹವಾಸ ಬೇಡವೆನಿಸಿದರೆ ‘ಅವರನ್ನು ಕಂಡರೆ ನನಗಾಗದು’ ಎಂದರೆ ಸಾಕು.

ವಾಕ್ಯದಲ್ಲಿ ‘ಅವನು ತಮ್ಮನನ್ನು ದ್ವೇಷಿಸುತ್ತಾನೆ’ ಎನ್ನುವುದಕ್ಕಿಂತ ‘ಅವನಿಗೆ ತಮ್ಮನ ಮೇಲೆ ದ್ವೇಷ’ ಎನ್ನುವುದು ಆಡುಮಾತಿಗೆ ಹತ್ತಿರ. ಮಾತಿನಲ್ಲೇ ವಿಷ ಹೊರಬಂದರೆ ಅದು ದ್ವೇಷ ಕಾರುವುದು; ಬಾಯಿ ಮುಚ್ಚಿಕೊಂಡಿದ್ದು, ಸಮಯ ಕಾದು, ಜಮೀನಿನ ಕಾಗದಪತ್ರದಲ್ಲೋ ಮದುವೆಯ ಮಾತುಕತೆಯಲ್ಲೋ ತೊಡಕು ತಂದಿಟ್ಟರೆ ಅದು ದ್ವೇಷ ಸಾಧಿಸುವುದು. ಇವೆರಡನ್ನು ಅದಲುಬದಲು ಮಾಡಬಾರದು. ‘ಧ್ವೇಷ’ ಎಂದು ಮಹಾಪ್ರಾಣ ಹಾಕುವುದಂತೂ ತಪ್ಪೇ.

ಇದರ ಪಕ್ಕದಲ್ಲೇ ನಮ್ಮದೇ ಆದ ‘ಹಗೆ’ ಇದೆ. ಹಳಗನ್ನಡದ ‘ಪಾಲ್’ ಹಾಲಾದಂತೆ ‘ಪಗೆ’ ಹಗೆಯಾಯಿತು. ತಮಿಳಿನ ‘ಪಗೈ’, ತೆಲುಗಿನ ‘ಪಗ’ ಅದರ ಒಡಹುಟ್ಟುಗಳು. ದ್ವೇಷವನ್ನು ಒಬ್ಬನೇ ಒಳಗಿಟ್ಟುಕೊಂಡು ಬದುಕಬಹುದು, ಎದುರಿನವನಿಗೆ ಅದು ಗೊತ್ತಾಗದೆಯೂ ಇರಬಹುದು. ಹಗೆತನ ಸಾಮಾನ್ಯವಾಗಿ ಎರಡು ಮನೆಗಳ ನಡುವೆ ಊರಿಗೆಲ್ಲ ತಿಳಿದಂತೆ ಇರುತ್ತದೆ. ಅಲ್ಲದೆ ‘ಹಗೆ’ ಎಂದರೆ ಶತ್ರು ಎಂದೂ ಆಗುತ್ತದೆ. ‘ನನ್ನ ಹಗೆಗೂ ಬೇಡ ಇಂಥ ಕಷ್ಟ’ ಎನ್ನುವಾಗ ಆ ಪದ ಭಾವವನ್ನಲ್ಲ, ಮನುಷ್ಯನನ್ನು ತೋರಿಸುತ್ತಿದೆ; ಅಲ್ಲಿ ‘ದ್ವೇಷ’ವನ್ನು ತಂದು ಕೂರಿಸಿದರೆ ಅರ್ಥವೇ ಕೂಡುವುದಿಲ್ಲ.