ಇಂಗ್ಲೆಂಡಿನಲ್ಲಿ ಎದೆಯುರಿ, ಅಜೀರ್ಣ, ಭೇದಿ: ಡಾಕ್ಟರ ಚೀಟಿಯಿಲ್ಲದೆ ಸಿಗುವ ಔಷಧಗಳ ಬಳಕೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಾಗಲಿ ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲಾಗಲಿ ಮೆಡಿಕಲ್ ಅಂಗಡಿಯ ಮುಂದೆ ನಿಂತು "ಗ್ಯಾಸ್ ಆಗಿದೆ" ಎಂದರೆ ಸಾಕು, ಹೆಚ್ಚು ಪ್ರಶ್ನೆಗಳಿಲ್ಲದೆ ಒಂದೆರಡು ಮಾತ್ರೆ ಕತ್ತರಿಸಿ ಕೊಡುವುದು ನಮಗೆ ರೂಢಿ. ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರು ಮತ್ತು ಅವರನ್ನು ನೋಡಲು ಊರಿನಿಂದ ಬರುವ ತಂದೆತಾಯಿಗಳು ಈ ರೂಢಿಯನ್ನು ಸೂಟ್‌ಕೇಸಿನಲ್ಲಿ ಮಾತ್ರೆಗಳ ಸಮೇತ ತಂದುಬಿಡುತ್ತಾರೆ. ತೊಂದರೆ ಹುಟ್ಟುವುದು ಹೆಚ್ಚಾಗಿ ಇಲ್ಲಿಯ ಔಷಧದಿಂದಲ್ಲ, ಊರಿನದನ್ನೂ ಇಲ್ಲಿಯದನ್ನೂ ಅರಿಯದೆ ಒಟ್ಟಿಗೆ ನುಂಗುವುದರಿಂದ.

ಬ್ರಿಟನ್ನಿನ ಕಾನೂನು ಔಷಧಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ. ಮೊದಲನೆಯವು ಸೂಪರ್‌ಮಾರ್ಕೆಟ್ಟಿನಲ್ಲೂ ದೊರೆಯುತ್ತವೆ; ಎರಡನೆಯವನ್ನು ಫಾರ್ಮಸಿಯಲ್ಲಿ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿ ಮಾತ್ರ ಮಾರಬಹುದು; ಮೂರನೆಯವಕ್ಕೆ ಚೀಟಿ ಬೇಕೇ ಬೇಕು. ಒಂದೇ ಔಷಧ ಪ್ಯಾಕಿನ ಗಾತ್ರಕ್ಕೂ ಮಾತ್ರೆಯ ಶಕ್ತಿಗೂ ತಕ್ಕಂತೆ ಬೇರೆ ಬೇರೆ ವರ್ಗಕ್ಕೆ ಸೇರುವುದುಂಟು. ಆಂಟಿಬಯೋಟಿಕ್‌ಗಳು ಮೂರನೆಯ ವರ್ಗದವು. ಆದ್ದರಿಂದ ಭೇದಿಗೆಂದು ಅವನ್ನು ಅಂಗಡಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಅಜೀರ್ಣಕ್ಕೆಂದು ಜಿಪಿ, ಅಂದರೆ ನಿಮ್ಮ ಕುಟುಂಬ ವೈದ್ಯರ ಬಳಿಗೆ ಹೋದರೂ ಅವರು "ಫಾರ್ಮಸಿಯಲ್ಲಿ ಕೊಂಡುಕೊಳ್ಳಿ" ಎಂದು ಕಳುಹಿಸಬಹುದು. ಇದು ಉದಾಸೀನವಲ್ಲ: ಸಾಮಾನ್ಯ ಎದೆಯುರಿ, ಅಜೀರ್ಣಗಳಂಥ ತೊಂದರೆಗಳಿಗೆ ಅಂಗಡಿಯಲ್ಲೇ ಸಿಗುವ ಔಷಧಗಳನ್ನು ವಾಡಿಕೆಯಾಗಿ ಬರೆದುಕೊಡಬಾರದೆಂದು ಸರ್ಕಾರಿ ಆರೋಗ್ಯ ಸೇವೆಯ ಸಂಸ್ಥೆಯಾದ ಎನ್‌ಎಚ್‌ಎಸ್ ಇಂಗ್ಲೆಂಡ್ 2018ರಲ್ಲೇ ಸೂಚಿಸಿದೆ.

ಫಾರ್ಮಸಿಸ್ಟರು ಔಷಧ ಯಾರಿಗೆ, ಲಕ್ಷಣಗಳೇನು, ಎಷ್ಟು ದಿನದಿಂದ, ಈಗಾಗಲೇ ಏನು ತೆಗೆದುಕೊಂಡಿರಿ, ಬೇರೆ ಯಾವ ಮಾತ್ರೆಗಳಿವೆ ಎಂದು ಒಂದೊಂದಾಗಿ ಕೇಳುತ್ತಾರೆ. ನಮ್ಮಲ್ಲಿ ಅನೇಕರಿಗೆ ಇದು ತನಿಖೆಯಂತೆ ತೋರಿ, ಚುಟುಕಾಗಿ ಉತ್ತರಿಸಿ ಹೊರಬರುವುದುಂಟು. ಆದರೆ ಹಣ ಕೊಡದೆ, ಮುಂಚೆ ಸಮಯ ಗೊತ್ತುಮಾಡಿಕೊಳ್ಳದೆ ಸಿಗುವ ತಜ್ಞ ಸಲಹೆ ಇದು. ಸಂಕೋಚವಿದ್ದರೆ ಪ್ರತ್ಯೇಕ ಕೋಣೆಯಲ್ಲಿ ಮಾತನಾಡುವಂತೆ ಕೇಳಬಹುದು. ಊರಿನ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಒಯ್ದು ತೋರಿಸುವುದು ಉತ್ತಮ. ಬ್ರ್ಯಾಂಡಿನ ಹೆಸರು ಅವರಿಗೆ ತಿಳಿಯದಿದ್ದರೂ ಹಿಂಬದಿಯಲ್ಲಿ ಅಚ್ಚಾದ ಔಷಧದ ಹೆಸರು ತಿಳಿಯುತ್ತದೆ.

ಪ್ಯಾನ್-ಡಿ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಹಿರಿಯರಲ್ಲಿ ಹಲವರು ಬೆಳಗ್ಗೆ ಕಾಫಿಗೆ ಮುಂಚೆ ಅದನ್ನು ವರ್ಷಗಟ್ಟಲೆ ನುಂಗುತ್ತಾರೆ. ಅದರಲ್ಲಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಜೊತೆಗೆ ವಾಕರಿಕೆ ತಡೆಯುವ ಡೊಂಪೆರಿಡೋನ್ ಇದೆ. ಹೃದಯದ ಬಡಿತ ಏರುಪೇರಾಗುವ ಅಪಾಯವಿರುವ ಕಾರಣ ಬ್ರಿಟನ್ 2014ರಲ್ಲಿ ಡೊಂಪೆರಿಡೋನನ್ನು ಚೀಟಿಯಿಲ್ಲದ ಮಾರಾಟದಿಂದ ತೆಗೆದುಹಾಕಿತು. ಇದನ್ನು ಸೇವಿಸುತ್ತಿರುವವರು ಕೆಮ್ಮು, ಕಫವೆಂದು ಇಲ್ಲಿಯ ವೈದ್ಯರ ಬಳಿ ಹೋದಾಗ ಈ ವಿಷಯ ಹೇಳದಿದ್ದರೆ, ಅವರು ಬರೆಯಬಹುದಾದ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಆ ಅಪಾಯವನ್ನು ಹೆಚ್ಚಿಸುತ್ತದೆ. ಹಾಗೆಯೇ ಪ್ಯಾನ್-ಡಿ ನುಂಗುತ್ತಲೇ ಇಲ್ಲಿಯ ಒಮೆಪ್ರಜೋಲ್ ಕೊಂಡರೆ ಒಂದೇ ಬಗೆಯ ಎರಡು ಔಷಧ ಹೊಟ್ಟೆ ಸೇರುತ್ತವೆ. ಒಮೆಪ್ರಜೋಲನ್ನು ಚೀಟಿಯಿಲ್ಲದೆ ಕೊಳ್ಳುವುದು ಅಲ್ಪಾವಧಿಗೆ ಮಾತ್ರ. ಎರಡು ವಾರದಲ್ಲಿ ಗುಣ ಕಾಣದಿದ್ದರೆ ವೈದ್ಯರನ್ನು ಕಾಣಬೇಕು. ಇನ್ನು ರ‍್ಯಾನಿಟಿಡಿನ್, ಎನ್‌ಡಿಎಂಎ ಎಂಬ ಕಲ್ಮಶ ಪತ್ತೆಯಾದ ಮೇಲೆ 2019ರಿಂದ ಇಲ್ಲಿಯ ಅಂಗಡಿಗಳಿಂದ ಹಿಂತೆಗೆದುಕೊಳ್ಳಲಾದ, ಆಮ್ಲ ತಗ್ಗಿಸುವ ಇನ್ನೊಂದು ಔಷಧ.

ತಕ್ಷಣದ ಉಪಶಮನಕ್ಕೆ ರೆನ್ನೀ, ಗ್ಯಾವಿಸ್ಕಾನ್‌ಗಳಂಥವು ಸಾಮಾನ್ಯ. ಆದರೆ ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿರುವವರು ಗ್ಯಾವಿಸ್ಕಾನ್‌ನಲ್ಲೂ, ಭಾರತೀಯ ಅಂಗಡಿಗಳಲ್ಲಿ ಸಿಗುವ ಈನೋದಲ್ಲೂ ಸೋಡಿಯಂ ಇದೆ ಎಂಬುದನ್ನು ಗಮನಿಸಬೇಕು. ಥೈರಾಯ್ಡ್ ಮಾತ್ರೆ, ಕಬ್ಬಿಣಾಂಶದ ಮಾತ್ರೆಗಳನ್ನು ಎದೆಯುರಿಯ ಈ ಔಷಧಗಳು ಪೂರ್ತಿಯಾಗಿ ದೇಹ ಸೇರಲು ಬಿಡುವುದಿಲ್ಲವಾದ್ದರಿಂದ ನಡುವೆ ಅಂತರವಿರಬೇಕು. ಥೈರಾಯ್ಡ್ ಮಾತ್ರೆಗಾದರೆ ನಾಲ್ಕು ಗಂಟೆ. ಅಜೀರ್ಣ, ಭೇದಿಗಳಿಗೆ ಸಿಗುವ ಪೆಪ್ಟೊ-ಬಿಸ್ಮಾಲ್‌ನಲ್ಲಿ ಆಸ್ಪಿರಿನ್ ಜಾತಿಯ ಅಂಶವಿರುವುದರಿಂದ 16 ವರ್ಷದೊಳಗಿನವರಿಗೆ ಅದನ್ನು ಕೊಡಬಾರದು. ಅದು ಮಲವನ್ನೂ ನಾಲಿಗೆಯನ್ನೂ ಕಪ್ಪಾಗಿಸುತ್ತದೆ. ಆದರೆ ಅದನ್ನು ಸೇವಿಸದೆಯೂ ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತಸ್ರಾವದ ಶಂಕೆಯುಂಟು. ಮಂಡಿನೋವಿಗೆಂದು ನಿತ್ಯ ನುಂಗುವ ಐಬುಪ್ರೊಫೆನ್, ಡೈಕ್ಲೊಫಿನಾಕ್ ಮಾತ್ರೆಗಳೇ ಎದೆಯುರಿಗೂ ಹೊಟ್ಟೆಹುಣ್ಣಿಗೂ ಕಾರಣವಾಗಬಲ್ಲವು. ಮಿರ್ಚಿ ಮಂಡಕ್ಕಿಯನ್ನು ದೂರುವ ಮುನ್ನ ಆ ಡಬ್ಬಿಯನ್ನೊಮ್ಮೆ ನೋಡುವುದು ಒಳಿತು.

ಭೇದಿಯಲ್ಲಿ ಮೊದಲ ಔಷಧ ನೀರು ಮತ್ತು ಓಆರ್‌ಎಸ್. ಇಲ್ಲೊಂದು ಅಳತೆಯ ತೊಡಕಿದೆ. ಊರಿನ ಎಲೆಕ್ಟ್ರಾಲ್‌ನ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಬೆರೆಸಬೇಕು. ಇಲ್ಲಿಯ ಡಯೊರಲೈಟ್ ಪೊಟ್ಟಣವನ್ನು 200 ಮಿಲಿಲೀಟರಿಗೆ. ಎಲೆಕ್ಟ್ರಾಲ್ ಪೊಟ್ಟಣವನ್ನು ಡಯೊರಲೈಟ್‌ನ ಅಳತೆಯಲ್ಲಿ ಬೆರೆಸಿದರೆ ಉಪ್ಪಿನಂಶ ಐದು ಪಟ್ಟಾಗುತ್ತದೆ. ಮಕ್ಕಳಿಗೆ ಇದು ನಿಜಕ್ಕೂ ಅಪಾಯಕಾರಿ. ಭೇದಿ ನಿಲ್ಲಿಸುವ ಲೊಪೆರಮೈಡ್ ಚೀಟಿಯಿಲ್ಲದೆ ಸಿಗುತ್ತದಾದರೂ 12 ವರ್ಷದೊಳಗಿನವರಿಗೆ ಸಲ್ಲದು. ಮಲದಲ್ಲಿ ರಕ್ತ ಅಥವಾ ಜೋರು ಜ್ವರವಿದ್ದಾಗ ಯಾರಿಗೂ ಬೇಡ. ವಾಂತಿಭೇದಿ ಪೂರ್ತಿ ನಿಂತು ಎರಡು ದಿನ ಕಳೆಯುವವರೆಗೆ ಮಕ್ಕಳನ್ನು ಶಾಲೆಗೆ ಕಳುಹಿಸಬಾರದು, ದೊಡ್ಡವರೂ ಕೆಲಸಕ್ಕೆ ಹೋಗಬಾರದು.

ಎದೆ ಬಿಗಿದು ನೋವು ತೋಳಿಗೋ ದವಡೆಗೋ ಹರಿದು ಬೆವರುತ್ತಿದ್ದರೆ ಅದನ್ನು ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುದಿಸುತ್ತ ಕೂರದೆ ತುರ್ತು ಸೇವೆಯ 999ಕ್ಕೆ ಕರೆಮಾಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತದ ಲಕ್ಷಣ ಇಷ್ಟು ಸ್ಪಷ್ಟವಾಗಿ ಇರದೆಯೂ ಇರಬಹುದು. ರಕ್ತವಾಂತಿಯಾದರೂ ತುರ್ತು ಚಿಕಿತ್ಸೆ ಬೇಕು. ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, 55 ದಾಟಿದವರಲ್ಲಿ ಅಜೀರ್ಣ ಬಿಡದೆ ಕಾಡುವುದು ಇವಕ್ಕೆ ಜಿಪಿಯನ್ನು ಕಾಣಬೇಕು. ತುರ್ತಲ್ಲದ ಗೊಂದಲಕ್ಕೆ 111 ಎಂಬ ಸರ್ಕಾರಿ ಆರೋಗ್ಯ ಸಹಾಯವಾಣಿ ಇದೆ. ಕರೆಮಾಡಿ ಬೇಕಾದ ಭಾಷೆಯ ಹೆಸರು ಹೇಳಿ ದುಭಾಷಿಯನ್ನು ಕೇಳಬಹುದು. ಭೇಟಿಗೆ ಬಂದ ತಂದೆತಾಯಿಗಳು ಮೂರು ತಿಂಗಳೊಳಗೆ ಮರಳುವವರಾದರೂ ಸಮೀಪದ ಜಿಪಿಯಲ್ಲಿ ತಾತ್ಕಾಲಿಕ ರೋಗಿಗಳಾಗಿ ನೋಂದಾಯಿಸಲು ಕೇಳಬಹುದು, ಜಿಪಿ ಸಲಹೆಗೆ ಶುಲ್ಕವಿಲ್ಲ. ಆಸ್ಪತ್ರೆಯ ತುರ್ತು ವಿಭಾಗದ ಚಿಕಿತ್ಸೆಯೂ ಉಚಿತವೇ. ಆದರೆ ಅಲ್ಲಿಂದ ಒಳರೋಗಿಯಾಗಿ ದಾಖಲಾದರೆ ಪ್ರವಾಸಿಗರಿಗೆ ಬಿಲ್ಲು ಬರುವುದರಿಂದ, ಊರು ಬಿಡುವ ಮುನ್ನವೇ ಅವರ ಹಳೆಯ ಕಾಯಿಲೆಗಳನ್ನೂ ಒಳಗೊಂಡ ಪ್ರಯಾಣ ವಿಮೆ ಮಾಡಿಸಿರಬೇಕು.